ಕುಲುಮೆ ಮತ್ತು ಹರಕೆ



ಹಬ್ಬವೆಂದರೆ ಸಂತೋಷ ಎಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಕೆಲವು ಹಬ್ಬಗಳ ಬೇರಿನಲ್ಲಿರುವುದು ಸಂತೋಷವಲ್ಲ, ಭಯ. ಊರಿಗೆ ಮಾರಿ ಹೊಕ್ಕಾಗ ಕಟ್ಟಿಕೊಂಡ ಹರಕೆ, ಮಾರಿ ತೊಲಗಿದ ಮೇಲೆ ಜಾತ್ರೆಯಾಗಿ ಉಳಿಯುವುದನ್ನು ನಾವೆಲ್ಲ ಬಲ್ಲೆವು. 2022ರ ಜುಲೈ ತಿಂಗಳಿನಲ್ಲಿ ಇಟಲಿಯ ವೆನಿಸ್ ನಗರದಲ್ಲಿ ಅಂತಹದೇ ಒಂದು ಹಬ್ಬವನ್ನು ನಾನು ಕಂಡೆ. ಆ ನಗರಕ್ಕೆ ಹೆಸರು ತಂದ ಗಾಜಿನ ಕಸಬು ಕೂಡ ತನ್ನ ಈಗಿನ ನೆಲೆಯನ್ನು ಪಡೆದದ್ದು ಒಂದು ಭಯದಿಂದಲೇ. ಈ ಎರಡನ್ನೂ ಕುರಿತು ಕೆಲವು ಮಾತು ಹೇಳಬೇಕೆಂದಿದ್ದೇನೆ.

ಆಳವಿಲ್ಲದ ಉಪ್ಪು ಹಿನ್ನೀರಿನ ನಡುವೆ, ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳ ಮೇಲೆ ಹರಡಿಕೊಂಡಿರುವ ಊರು ಅದು. ಹಿಂದಿನ ಕಾಲದಲ್ಲಿ ಮನೆಗಳಲ್ಲಿ ಮರದ ಕೆಲಸವೇ ಹೆಚ್ಚು. ಹಗಲಿರುಳು ಉರಿಯುವ ಗಾಜಿನ ಕುಲುಮೆಗಳಿಂದ ಎಲ್ಲಿ ಬೆಂಕಿ ಬಿದ್ದೀತೋ ಎಂದು ಹೆದರಿ, 1291ರಲ್ಲಿ ಗಣರಾಜ್ಯದ ಆಡಳಿತವು ಅವನ್ನೆಲ್ಲ ಮುರಾನೊ ಎಂಬ ನೆರೆಯ ದ್ವೀಪಕ್ಕೆ ಸಾಗಿಸಿತು. ಬೆಂಕಿಯೊಡನೆ ಕುಶಲಿಗಳೂ ಹೋದರು. ಅವರಿಗೆ ದೊರೆತ ಮನ್ನಣೆ ಸಣ್ಣದಲ್ಲ: ಗಾಜುಗಾರನ ಮಗಳನ್ನು ಕುಲೀನನೊಬ್ಬ ಮದುವೆಯಾದರೆ ಅವರ ಮಕ್ಕಳ ಕುಲೀನ ಪದವಿಗೆ ಕುಂದು ಬರುತ್ತಿರಲಿಲ್ಲ. ಆದರೆ ಕಸಬಿನ ಗುಟ್ಟನ್ನು ಹೊತ್ತು ಊರು ಬಿಡುವ ಸ್ವಾತಂತ್ರ್ಯ ಮಾತ್ರ ಅವರಿಗಿರಲಿಲ್ಲ. ಆದರೂ ಕೆಲವರು ಬಿಟ್ಟುಹೋದರು. 1665ರಲ್ಲಿ ಫ್ರಾನ್ಸಿನ ಮಂತ್ರಿ ಕೋಲ್ಬೇರ್ ಮುರಾನೊದ ಕನ್ನಡಿ ಕೆಲಸಗಾರರನ್ನು ಆಸೆ ತೋರಿಸಿ ಕರೆಸಿಕೊಂಡ. ಕೈಗಳು ಹೋದಲ್ಲಿಗೆ ಕಸಬೂ ಹೋಯಿತು.

ಮುರಾನೊದ ಕುಲುಮೆಯೊಂದರಲ್ಲಿ ನಾನು ಒಂದು ಬೆಳಗಿನ ಹೊತ್ತು ನಿಂತಿದ್ದೆ. ಅಲ್ಲಿನ ಹಿರಿಯ ಕುಶಲಿಯನ್ನು ‘ಮಾಯೆಸ್ತ್ರೊ’ ಎನ್ನುತ್ತಾರೆ. ಪೋರ್ಚುಗೀಸರ ಮೂಲಕ ನಮಗೆ ಬಂದ ‘ಮೇಸ್ತ್ರಿ’ ಎಂಬ ಮಾತಿಗೂ ಇದಕ್ಕೂ ಲ್ಯಾಟಿನ್ನಿನ ಒಂದೇ ಪದ ತಾಯಿ. ನಾನು ಕಂಡ ಮೇಸ್ತ್ರಿಗೆ ಅರುವತ್ತು ದಾಟಿತ್ತು. ಸಹಾಯಕನು ಕಬ್ಬಿಣದ ಕೊಳವೆಯ ತುದಿಯಲ್ಲಿ ಕೆಂಡದುಂಡೆಯಂತಹ ಗಾಜನ್ನು ತಂದುಕೊಡುತ್ತಿದ್ದ. ಮೇಸ್ತ್ರಿ ಅದನ್ನು ಒಂದೇ ಸಮನೆ ಉರುಳಿಸುತ್ತ, ಊದುತ್ತ, ಇಕ್ಕುಳದಿಂದ ಎಳೆಯುತ್ತಿದ್ದರು. ಉರುಳಿಸುವುದನ್ನು ಒಂದು ಗಳಿಗೆ ನಿಲ್ಲಿಸಿದರೂ ಗಾಜು ಜೋತುಬೀಳುತ್ತದೆ. ಆದ ಪಾತ್ರೆಯನ್ನು ಬೇರೊಂದು ಗೂಡಿನಲ್ಲಿಟ್ಟು ನಿಧಾನವಾಗಿ ತಣಿಸಬೇಕು. ಅವಸರ ಮಾಡಿದರೆ ಒಡೆಯುತ್ತದೆ. ಅಲ್ಲಿ ಹೆಚ್ಚು ಮಾತಿರಲಿಲ್ಲ. ಒಬ್ಬರ ಕೈ ಇನ್ನೊಬ್ಬರ ಕೈಯನ್ನು ತಿಳಿದುಕೊಂಡಿತ್ತು.

ಹಿಂದಿನ ದಿನ ನಗರದ ಅಂಗಡಿಯೊಂದರಲ್ಲಿ ಮುರಾನೊದ್ದೆಂಬ ಹೆಸರಿನಲ್ಲಿ ಕೊಂಡಿದ್ದ ಲೋಟವನ್ನು ನಾನು ಹೆಮ್ಮೆಯಿಂದ ಅವರಿಗೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು, ತಳವನ್ನು ಬೆರಳಿನಿಂದ ಸವರಿ ಹಿಂದಿರುಗಿಸಿದರು. ದುಭಾಷಿಯಾಗಿ ಬಂದಿದ್ದ ಹುಡುಗ ಸಂಕೋಚದಿಂದಲೇ ಹೇಳಿದ: “ಕೆಟ್ಟ ಗಾಜಲ್ಲವಂತೆ. ಆದರೆ ಇಲ್ಲಿಯದಲ್ಲವಂತೆ.”

ಹಬ್ಬದ ಕಥೆಗೆ ಬರುತ್ತೇನೆ. 1574ರಲ್ಲಿ ಫ್ರಾನ್ಸಿನ ಅರಸು ಮೂರನೆಯ ಹೆನ್ರಿ ವೆನಿಸ್ಸಿಗೆ ಬಂದಾಗ ಆ ನಗರದ ವೈಭವಕ್ಕೆ ಎಣೆಯಿರಲಿಲ್ಲ. ಅರಸನ ಬಿಡಾರದ ಎದುರಿಗೆ ಗಾಜುಗಾರರು ತೆಪ್ಪದ ಮೇಲೆ ಕುಲುಮೆಯನ್ನೇ ಹೂಡಿ, ನೀರಿನ ನಡುವೆ ಗಾಜನ್ನು ಊದಿ ತೋರಿಸಿದರು. ಮರುವರ್ಷವೇ ಪ್ಲೇಗು ಕಾಲಿಟ್ಟಿತು. ಎರಡು ವರ್ಷಗಳಲ್ಲಿ ನಗರದ ಸುಮಾರು ನಾಲ್ಕರಲ್ಲೊಂದು ಪಾಲು ಜನ ಮಡಿದರು. ಮಹಾ ಚಿತ್ರಕಾರ ಟಿಷಿಯನ್ ತೀರಿಕೊಂಡದ್ದೂ ಆ ದಿನಗಳಲ್ಲಿಯೇ. ಪಿಡುಗು ನೀಗಿದರೆ ಉದ್ಧಾರಕನಿಗೆ ಗುಡಿ ಕಟ್ಟಿಸುವುದಾಗಿ 1576ರಲ್ಲಿ ಆಡಳಿತವು ಹರಕೆ ಹೊತ್ತಿತು. ಪಲ್ಲಾಡಿಯೊ ರೂಪಿಸಿದ ಇಗರ್ಜಿ ಜ್ಯೂಡೆಕ್ಕ ದ್ವೀಪದಲ್ಲಿ ಎದ್ದಿತು. ಅಂದಿನಿಂದ ಜುಲೈ ತಿಂಗಳ ಮೂರನೆಯ ಭಾನುವಾರ ‘ರೆದೆಂತೋರೆ’, ಎಂದರೆ ಉದ್ಧಾರಕನ ಹಬ್ಬ. ಅಗಲವಾದ ಕಾಲುವೆಗೆ ಅಡ್ಡಲಾಗಿ ತೇಲುವ ಸೇತುವೆಯನ್ನು ಹೂಡುತ್ತಾರೆ. ಜನ ಅದರ ಮೇಲೆ ನಡೆದು ಹೋಗಿ ಹರಕೆ ಸಲ್ಲಿಸುತ್ತಾರೆ.

ವೆನಿಸ್ಸಿನ ಇನ್ನೊಂದು ಹಬ್ಬ ‘ಸೆನ್ಸ’. ಅಂದು ನಗರದ ಅಧಿಪತಿ ಚಿನ್ನದ ಮುಲಾಮಿನ ನೌಕೆಯಲ್ಲಿ ಕುಳಿತು ಕಡಲಿಗೆ ಉಂಗುರವನ್ನೆಸೆದು, ಕಡಲನ್ನು ವರಿಸುತ್ತಿದ್ದ. 1797ರಲ್ಲಿ ನೆಪೋಲಿಯನ್ನನ ಎದುರು ಗಣರಾಜ್ಯ ಬಿದ್ದಿತು. ಆ ನೌಕೆಯೂ ನಾಶವಾಯಿತು. ಈಗ ಮೇಯರು ಉಂಗುರವನ್ನೆಸೆಯುತ್ತಾರೆ. ಅದು ನೋಡಲು ಚೆಂದ. ಆದರೆ ಕಡಲಿನ ಮೇಲಿನ ಆ ಒಡೆತನವೇ ಇಂದಿಲ್ಲ. ರೆದೆಂತೋರೆಯ ಮಾತು ಬೇರೆ. 2020ರಲ್ಲಿ ಹೊಸ ಪಿಡುಗು ಬಂದು ಹಬ್ಬದ ಬಾಣಬಿರುಸುಗಳನ್ನು ಕೈಬಿಡಬೇಕಾಯಿತು. ನಾಲ್ಕೂವರೆ ಶತಮಾನದ ಹಿಂದಿನ ಭಯ ಎಂಥದೆಂದು ಆ ವರ್ಷ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಹೋದ ವರ್ಷ ಶನಿವಾರ ರಾತ್ರಿ ದೋಣಿಗಳಲ್ಲಿ ದೀಪ ತೂಗಿತು, ಊಟವಾಯಿತು, ಆಕಾಶವೆಲ್ಲ ಬೆಂಕಿಯ ಹೂವಾಯಿತು. ಮರುದಿನ ಸೇತುವೆಯ ಮೇಲೆ ಪ್ರವಾಸಿಗಳು ವಿರಳ, ಊರಿನವರೇ ಹೆಚ್ಚು. ಅಲ್ಲಿ ಮೇಸ್ತ್ರಿ ಮತ್ತೆ ಸಿಕ್ಕಿದರು. ಬಿಳಿ ಅಂಗಿ ತೊಟ್ಟು, ಎಂಟು ವರ್ಷದ ಮೊಮ್ಮಗನ ಕೈ ಹಿಡಿದಿದ್ದರು. ಹುಡುಗ ಕಸಬು ಕಲಿಯುವನೇ ಎಂದು ಕೇಳಿದೆ. ಗ್ಯಾಸಿನ ಬೆಲೆ ವಿಪರೀತ ಏರಿ, ಮುರಾನೊದಲ್ಲಿ ಅನೇಕ ಕುಲುಮೆಗಳನ್ನು ತಣಿಸಿದ್ದ ಕಾಲ ಅದು. ಅವರು ನೀರಿನ ಕಡೆ ನೋಡುತ್ತ, “ಕುಲುಮೆ ಉರಿಯುತ್ತಿದ್ದರೆ ಕಲಿಯುತ್ತಾನೆ” ಎಂದರು.

ಆ ಲೋಟ ಇಂದಿಗೂ ನನ್ನ ಮೇಜಿನ ಮೇಲಿದೆ, ಅದನ್ನು ಎಸೆಯಲಿಲ್ಲ. ಅದನ್ನು ಕಂಡಾಗಲೆಲ್ಲ ಆ ಸೇತುವೆ ನೆನಪಾಗುತ್ತದೆ. ಜ್ಯೂಡೆಕ್ಕಕ್ಕೆ ನಗರದಿಂದ ಶಾಶ್ವತವಾದ ಸೇತುವೆಯಿಲ್ಲ. ಹಬ್ಬ ಮುಗಿದೊಡನೆ ತೇಲುಸೇತುವೆಯನ್ನು ಬಿಚ್ಚಿಡುತ್ತಾರೆ. ಮುಂದಿನ ವರ್ಷ ಮತ್ತೆ ಹೂಡಬೇಕು. ಹರಕೆ ಉಳಿದಿರುವುದು ಹಾಗೆ ಮತ್ತೆ ಮತ್ತೆ ಹೂಡುವವರು ಇರುವುದರಿಂದ. ಗಾಜಿನ ಕಸಬಿಗೂ ಬೇಕಾದದ್ದು ಅಂತಹವರೇ.