ಹೊರಗೆ ನಿಂತ ಹಿರಿಯ ಮಗ

ಭಾನುವಾರದ ಪ್ರಸಂಗವು ಶನಿವಾರ ರಾತ್ರಿ ಸಿದ್ಧವಾಗುವುದೆಂದು ತಾವು ಭಾವಿಸಿರಬಹುದು. ನನ್ನ ಅನುಭವದಲ್ಲಿ ಅದು ಸೋಮವಾರವೇ, ಸಭೆಯವರ ಮನೆಬಾಗಿಲಲ್ಲಿ ಆರಂಭವಾಗುತ್ತದೆ.

ಒಮ್ಮೆ ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ತಪ್ಪಿಹೋದ ಮಗನ ಸಾಮ್ಯವನ್ನು ಆರಿಸಿಕೊಂಡು, ಕೃಪೆಯ ತತ್ತ್ವವನ್ನು ಮೂರು ಭಾಗ ಮಾಡಿ ಬರೆದಿಟ್ಟಿದ್ದೆ. ಶುಕ್ರವಾರ ಗೃಹಸ್ಥರೊಬ್ಬರು ಬಂದು, “ಅಯ್ಯನವರೇ, ಪಾಲು ಕಳೆದುಕೊಂಡ ತಮ್ಮ ಮನೆಗೆ ಬಂದಿದ್ದಾನೆ, ಅಪ್ಪ ಹಬ್ಬದಡಿಗೆ ಮಾಡಿಸಿದರು. ಇಷ್ಟು ವರ್ಷ ದುಡಿದವನು ನಾನು!” ಎಂದರು. ನನ್ನ ಬರಹದಲ್ಲಿ ಅವರಿಗೆ ಉತ್ತರವಿರಲಿಲ್ಲ.

ಪುನಃ ಓದಿದೆ. ಕಿರಿಯವನನ್ನು ಕಂಡು ಓಡಿಬಂದ ತಂದೆಯೇ, ಮುನಿದು ಹೊರಗೆ ನಿಂತ ಹಿರಿಯವನ ಬಳಿಗೂ ಬಂದು ಬೇಡಿಕೊಳ್ಳುತ್ತಾನೆ. ಕೃಪೆಯನ್ನು ಕೂಲಿಯಂತೆ ಎಣಿಸಲಾಗದು. ದುಡಿದವನಿಗೂ ಅದು ಬೇಕು. ಹಿರಿಯವನು ಒಳಗೆ ಹೋದನೇ? ಯೇಸು ಹೇಳಲಿಲ್ಲ. ನಾನೂ ಅಲ್ಲಿಗೇ ನಿಲ್ಲಿಸಿದೆ. ಆ ಗೃಹಸ್ಥರು ಮಾತಿಲ್ಲದೆ ಎದ್ದು ಹೋದರು. ಪ್ರಸಂಗದ ಉಳಿದ ಭಾಗ ಅವರ ಮನೆಯ ಹೊಸ್ತಿಲಲ್ಲಿತ್ತು.