ದಾದಿಯನ್ನು ಬೈಯುವ ಮುನ್ನ ಲೆಕ್ಕ ಕೇಳಿ
(ಅಲೀಪುರದಲ್ಲಿ ಮಾಡಿದ ಭಾಷಣ)



ಇಲ್ಲಿ ಹರಳಿಗೆ ಸಾಣೆ ಹಿಡಿಯುವವರಿದ್ದೀರಿ, ಮಿಲ್ಲಿಗೆ ಹೋಗಿಬರುವವರಿದ್ದೀರಿ, ಅಂಗಡಿ ಇಟ್ಟವರಿದ್ದೀರಿ. ಕಾಯಿಲೆ ಬಿದ್ದರೆ ನಮಗೆ ಗೌರಿಬಿದನೂರೇ ದಿಕ್ಕು. ಕೈಮೀರಿದರೆ ಚಿಕ್ಕಬಳ್ಳಾಪುರ, ಇಲ್ಲವೇ ಬೆಂಗಳೂರು. ಯಾವ ಊರಿನ ಸರ್ಕಾರಿ ಆಸ್ಪತ್ರೆಯಿಂದ ಬಂದವರನ್ನು ಕೇಳಿದರೂ ದೂರು ಒಂದೇ: "ಕರೆದರೂ ನರ್ಸಮ್ಮ ಬರಲಿಲ್ಲ."

ದೂರು ಸುಳ್ಳಲ್ಲ. ಇಂಜಕ್ಷನ್ ಕೊಟ್ಟಿರುತ್ತಾರೆ, ಡ್ರಿಪ್ ಹಾಕಿರುತ್ತಾರೆ. ಆದರೆ ಮಗ್ಗುಲು ಬದಲಿಸಿಲ್ಲ, ಬಾಯಿ ತೊಳೆಸಿಲ್ಲ, ಗಂಜಿ ಕುಡಿಸಿಲ್ಲ, ಮನೆಗೆ ಹೋದಮೇಲೆ ಏನು ಮಾಡಬೇಕೆಂದು ಹೇಳಿಲ್ಲ. 2006ರಲ್ಲಿ ಅಮೆರಿಕದ ಬಿಯಾಟ್ರಿಸ್ ಕಾಲಿಶ್ ಎಂಬಾಕೆ ದಾದಿಯರನ್ನೇ ಕೇಳಿ ಪ್ರಕಟಿಸಿದ ಪಟ್ಟಿಯಲ್ಲೂ ಇಂಥವೇ ಇದ್ದವು. ಡಾಕ್ಟರು ಬರೆದ ಮದ್ದಿಗೆ ಪುಸ್ತಕದಲ್ಲಿ ಲೆಕ್ಕವುಂಟು. ಕುಡಿಸಿದ ಗಂಜಿಗೆ ಲೆಕ್ಕವಿಲ್ಲ. ಕೈ ಸಾಲದಾದಾಗ ಲೆಕ್ಕವಿಲ್ಲದ ಕೆಲಸವೇ ಮೊದಲು ಬಿಟ್ಟುಹೋಗುತ್ತದೆ.

ಕೈ ಏಕೆ ಸಾಲದು? ಒಂದು ವಾರ್ಡಿನಲ್ಲಿ 30 ರೋಗಿಗಳು, ಒಬ್ಬ ದಾದಿ ಎನ್ನಿ. 8 ಗಂಟೆಯೆಂದರೆ 480 ನಿಮಿಷ. ತಲೆಗೆ 16 ನಿಮಿಷ. ಅದರಲ್ಲೇ ಮದ್ದು, ಡ್ರೆಸ್ಸಿಂಗು, ರಿಜಿಸ್ಟರು. ಏಳಲಾರದವನನ್ನು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹೊರಳಿಸಲು ಇಬ್ಬರು ಬೇಕು. 5 ರೋಗಿಗಳಿಗೆ ಒಬ್ಬ ದಾದಿ ಇರಬೇಕೆನ್ನಿ. ಅಂದರೆ ಆ ವಾರ್ಡಿಗೆ ಪಾಳಿಗೆ 6 ಮಂದಿ. ಆರು ಆಳಿನ ಮಗ್ಗಗಳನ್ನು ಒಬ್ಬನಿಗೆ ಒಪ್ಪಿಸಿ, ನೂಲು ಹರಿದಾಗ ಅವನನ್ನು ಸೋಮಾರಿ ಎನ್ನುತ್ತೀರಾ?

ಬಿಟ್ಟ ಕೆಲಸ ಮಾಯವಾಗುವುದಿಲ್ಲ. ರೋಗಿಯ ಹೆಂಡತಿಯೋ ಮಗಳೋ ಕೂಲಿ ಬಿಟ್ಟು ಮಂಚದ ಪಕ್ಕ ಕೂತು ಮಾಡುತ್ತಾಳೆ. ನೇಮಿಸದ ದಾದಿಯ ಸಂಬಳ ಸರ್ಕಾರಕ್ಕೆ ಉಳಿತಾಯ; ಅದನ್ನು ತೆರುವವರು ನಾವು. ಯಾರೂ ಇಲ್ಲದವನು ಜೀವದಿಂದಲೇ ತೆರಬೇಕು. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳ ಅಧ್ಯಯನವೊಂದು 2014ರಲ್ಲಿ ಹೊರಬಂತು: ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಆಪರೇಷನ್ ಆದವರು 30 ದಿನಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಹೆಚ್ಚು.

ಆದ್ದರಿಂದ ನಮ್ಮ ಬೇಡಿಕೆ ಇದು: ಈ ಪಾಳಿಯಲ್ಲಿ ರೋಗಿಗಳೆಷ್ಟು, ದಾದಿಯರೆಷ್ಟು ಎಂದು ಪ್ರತಿ ವಾರ್ಡಿನ ಬಾಗಿಲಲ್ಲಿ ಹಲಗೆ ಹಾಕಲಿ. ಖಾಲಿ ಹುದ್ದೆಗಳನ್ನು ಗುತ್ತಿಗೆಯಿಂದಲ್ಲ, ಖಾಯಂ ನೇಮಕದಿಂದ ತುಂಬಲಿ. ಲಂಚ ಕೇಳಿದವರ ಮೇಲೆ, ಒರಟಾಗಿ ನಡೆದವರ ಮೇಲೆ ಧಾರಾಳವಾಗಿ ದೂರು ಕೊಡಿ. ಆದರೆ ಒಂಟಿಯಾಗಿ ಓಡಾಡುವ ದಾದಿಯ ಮೇಲೆ ಕೈ ಎತ್ತಬೇಡಿ. ಆಕೆಯೂ ದುಡಿಯುವವಳೇ. ಆಕೆಯನ್ನೂ ಜೊತೆಗೆ ಕರೆದುಕೊಂಡೇ ಲೆಕ್ಕ ಕೇಳಲು ಹೋಗೋಣ.