ಮೋಟಾರು ಯಾಕೆ ಸುಡ್ತದೆ?



ನಮ್ಮ ಕೋಲಾರದ ಕಡೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಮಾಲೂರಾಗಲಿ, ಮುಳಬಾಗಿಲಾಗಲಿ, ಶ್ರೀನಿವಾಸಪುರವಾಗಲಿ, ಹೆಚ್ಚಾಗಿ ಬೋರ್‌ವೆಲ್ಲೇ ಗತಿ. ಬೋರಿನ ಮೋಟಾರು ಕೆಟ್ಟರೆ ಬಿಂದಿಗೆ ಹಿಡಿದು ಅಲೆಯೋರು ಯಾರು? ನಾವೇ. ಅದಕ್ಕೇ ಇವತ್ತು ಮೋಟಾರಿನ ಮಾತು.

2016ರ ಬೇಸಿಗೆ. ಮುಳಬಾಗಿಲು ತಾಲ್ಲೂಕಿನ ನಮ್ಮೂರಲ್ಲಿ ಕುಡಿಯುವ ನೀರಿನ ಮೋಟಾರು ಮೂರು ಸಲ ಸುಟ್ಟಿತು. ಪ್ರತಿ ಸಲವೂ ಪೈಪು ಮೇಲೆತ್ತಬೇಕು. ಮೆಕ್ಯಾನಿಕ್ ಬಂದು, "ಕಾಯಿಲ್ ಸುಟ್ಟೋಗಿದೆ ಅಕ್ಕಾ" ಅಂತಾನೆ. ಹೊಸದಾಗಿ ವೈಂಡಿಂಗ್ ಮಾಡಿಸಿ ಇಳಿಸ್ತಾರೆ. ತಿಂಗಳು ತುಂಬೋದ್ರಲ್ಲಿ ಮತ್ತೆ ಅದೇ ಕಥೆ. ಒಬ್ಬರು ಮೆಕ್ಯಾನಿಕ್ ಸರಿಯಿಲ್ಲ ಅಂದರು. ಇನ್ನೊಬ್ಬರು ಮೋಟಾರೇ ಕಳಪೆ ಅಂದರು. ಕಣ್ಣು ಬಿದ್ದಿದೆ ಅಂತ ನಿಂಬೆಹಣ್ಣು ಕಟ್ಟಿದ್ದೂ ಆಯಿತು.

ನಮ್ಮ ಕಲಿಕೆ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ಅಜ್ಜಿ ಕೇಳಿದರು: "ಟೀಚರಮ್ಮಾ, ಕಾಯಿಲ್ ಸುಟ್ಟಿದ್ದು ಸರಿ. ಅದು ಸುಡೋದು ಯಾಕೆ?"

ನನಗೂ ಗೊತ್ತಿರಲಿಲ್ಲ. ಮೆಕ್ಯಾನಿಕ್‌ನನ್ನೇ ಕೂರಿಸಿ ಕೇಳಿದೆವು. ಅವನು ಹೇಳಿದ: "ಮೋಟಾರು ಬೋರಿನೊಳಗೆ ನೀರಲ್ಲಿ ಮುಳುಗಿರ್ತದೆ. ಸುತ್ತಲಿನ ನೀರೇ ಅದನ್ನು ತಣ್ಣಗಿಡೋದು. ನೀರು ಕೆಳಗಿಳಿದ ಮೇಲೂ ಓಡಿದರೆ ಕಾದು ಸುಡ್ತದೆ. ವೋಲ್ಟೇಜು ತೀರಾ ಇಳಿದರೂ ಸುಡ್ತದೆ. ಮೂರು ಫೇಸಿನಲ್ಲಿ ಒಂದು ಹೋದರೂ ಸುಡ್ತದೆ."

ಕಾರಣ ಮೂರು. ನಮ್ಮೂರಲ್ಲಿ ಯಾವುದು?

ನಾಲ್ಕನೇ ಸಲ ಮೋಟಾರು ಇಳಿಸಿದ ದಿನ ಪಂಪಿನ ಮನೆಯಲ್ಲಿ ಒಂದು ನೋಟುಪುಸ್ತಕ ಇಟ್ಟೆವು. ಕಲಿಕೆಯ ಹೆಂಗಸರು ಸರದಿ ಮೇಲೆ ಬರೆದರು. ಕರೆಂಟು ಬಂದ ಗಂಟೆ, ವೋಲ್ಟೇಜು ಎಷ್ಟು, ಮೂರು ದೀಪವೂ ಉರೀತಿದೆಯಾ, ನೀರು ನಿಂತ ಗಂಟೆ. ಒಬ್ಬಾಕೆ 7ನ್ನು 1ರ ಹಾಗೆ ಬರೆದು ದೊಡ್ಡ ಜಗಳವೇ ಆಯಿತು! ನೀರಗಂಟಿ ಪಾಪ, ಎರಡು ವಾರ ನಿದ್ದೆಗೆಟ್ಟ.

ಎರಡು ವಾರದ ಹಾಳೆಗಳನ್ನು ಎಲ್ಲರೂ ಕೂತು ಓದಿದೆವು. ವೋಲ್ಟೇಜು ದಿನಾ 400ರ ಹತ್ತಿರ. ಮೂರು ದೀಪವೂ ಸರಿ. ಆದರೆ ನೀರು? ಒಂದು ಗಂಟೆ ಚೆನ್ನಾಗಿ ಬಂದು, ಆಮೇಲೆ ಪೈಪು ಬುಸ್ ಬುಸ್ ಅಂತ ಗಾಳಿ, ಕೆಂಪು ಕೆಸರು ಕಕ್ಕುತ್ತಿತ್ತು. ಆಗ ನೀರಗಂಟಿ ಆಫ್ ಮಾಡುತ್ತಿದ್ದ.

ಹಿಂದೆ ಆಫ್ ಮಾಡೋರು ಯಾರಿದ್ದರು? ಕರೆಂಟು ಬರ್ತಿದ್ದುದು ನಡುರಾತ್ರಿ. ಆಟೋ ಸ್ಟಾರ್ಟರ್ ಇದ್ದಿದ್ದರಿಂದ ಮೋಟಾರು ತಾನೇ ಶುರುವಾಗ್ತಿತ್ತು. ಒಂದು ಗಂಟೆಗೆ ನೀರು ಮುಗಿದರೂ ಕರೆಂಟು ಹೋಗುವ ತನಕ ಒಣಗಿದ ಬೋರಲ್ಲೇ ಓಡ್ತಿತ್ತು. ನಾವು ಹಾಯಾಗಿ ಮಲಗಿರ್ತಿದ್ದೆವು. ಮೆಕ್ಯಾನಿಕ್‌ನನ್ನು ಸುಮ್ಮನೆ ಬೈದಿದ್ದೆವಲ್ಲಾ ಅಂತ ನನಗೇ ನಾಚಿಕೆಯಾಯಿತು.

ನೋಟುಪುಸ್ತಕ ತೆಗೆದುಕೊಂಡು ಹೋಗಿ ಪಂಚಾಯ್ತಿಯಲ್ಲಿ ತೋರಿಸಿದೆವು. ಬರಹ ಇದ್ದಿದ್ದರಿಂದ ಯಾರೂ ಎದುರಾಡಲಿಲ್ಲ. ನೀರಿಲ್ಲದಿದ್ದರೆ ಮೋಟಾರನ್ನು ತಾನೇ ನಿಲ್ಲಿಸುವ ಸಾಧನವನ್ನು ಸ್ಟಾರ್ಟರ್ ಪೆಟ್ಟಿಗೆಗೆ ಹಾಕಿಸಿದರು. ಒಂದು ಗಂಟೆ ಓಡಿಸೋದು, ಬೋರಲ್ಲಿ ನೀರು ಊರುವ ತನಕ ಬಿಡೋದು. ಆ ಬೇಸಿಗೆಯಲ್ಲಿ ಮೋಟಾರು ಮತ್ತೆ ಸುಡಲಿಲ್ಲ.

ಅಜ್ಜಿ ಬಿಡಬೇಕಲ್ಲ! "ಸರಿ, ಬೋರಲ್ಲಿ ನೀರು ಒಂದೇ ಗಂಟೆಗೆ ಮುಗಿಯೋದು ಯಾಕೆ?" ಅಂದರು. ಕೆರೆ ತುಂಬಿದರೆ ಸುತ್ತಲ ಬೋರಿಗೂ ನೀರು ಇಳೀತದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಬಿಡಲು ಶುರು ಮಾಡಿದ್ದೂ ಅದಕ್ಕೇ. ಅದು ಕುಡಿಯೋಕೆ ಅಲ್ಲ, ಅಂತರ್ಜಲ ಏರಿಸೋಕೆ. ನಮ್ಮೂರ ಕೆರೆಯಲ್ಲೋ ಹೂಳು ತುಂಬಿತ್ತು. ಮಳೆ ನೀರು ತರುವ ಕಾಲುವೆ ತುಂಬ ಜಾಲಿ ಗಿಡ. ಅಜ್ಜಿಯ ಹಿಂದೆ ನಾವೆಲ್ಲ ಕಾಲುವೆ ನೋಡೋಕೆ ಹೊರಟೆವು. ನೋಟುಪುಸ್ತಕವೂ ಜೊತೆಗೇ ಬಂತು.